ಹೊಸ ಊರಿಗೆ ವರ್ಗವಾದ ಎಲ್ಡರ್, ಸಿಸ್ಟರುಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಿಷನ್ ಸೇವೆಗೆ ಹೊರಟಿರುವ, ಇಲ್ಲವೇ ಆಗಲೇ ಸೇವೆಯಲ್ಲಿದ್ದು ಒಂದು ಊರಿನಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಆಗಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಇದನ್ನು ರೈಲು ಹತ್ತುವ ಮುಂಚೆ ಓದತಕ್ಕದ್ದು. ಹೈದರಾಬಾದ್, ವಿಶಾಖಪಟ್ಟಣ, ಚೆನ್ನೈ, ಕೊಯಮತ್ತೂರು, ಎಲ್ಲಿಗೇ ಹೋದರೂ ಸರಿ.

ಹೊರಗಿನ ಓದುಗರಿಗೆ ಎರಡು ಮಾತು. ಜನ ಮಾರ್ಮನ್ನರು ಅಂತ ಕರೆಯುವುದು ನಮ್ಮನ್ನೇ. ಸಭೆಯ ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 2018ರಿಂದ ಆ ಹೆಸರನ್ನೇ ಬಳಸಿ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಇಬ್ಬಿಬ್ಬರೇ ಓಡಾಡುವ ಹುಡುಗರನ್ನು ನೀವು ಕಂಡಿರಬಹುದು. ಎಲ್ಡರ್ ಎಂದು ಕರೆಯುವ ಅವರಿಗೆ 24 ತಿಂಗಳ ಸೇವೆ, ಸಿಸ್ಟರ್ ಎಂದು ಕರೆಯುವ ಹುಡುಗಿಯರಿಗೆ 18 ತಿಂಗಳು. ಸಂಬಳವಿಲ್ಲ. ಎಲ್ಲಿಗೆ ಹೋಗಬೇಕು, ಯಾರ ಜೊತೆ ಇರಬೇಕು ಎನ್ನುವುದನ್ನು ಅವರು ಆರಿಸಿಕೊಳ್ಳುವಂತಿಲ್ಲ. 2012ರಲ್ಲಿ ಹುಡುಗರ ಕನಿಷ್ಠ ವಯಸ್ಸು 19ರಿಂದ 18ಕ್ಕೆ ಇಳಿಯಿತು. ಹಾಗಾಗಿ ಈಗ ಹೊರಡುವ ಎಷ್ಟೋ ಹುಡುಗರು ಪಿಯುಸಿ ಅಂಕಪಟ್ಟಿಯ ಬಿಸಿ ಆರದವರು, ಉಂಡ ತಟ್ಟೆಯನ್ನು ತಾವೇ ತೊಳೆದು ಅಭ್ಯಾಸವಿಲ್ಲದವರು. ಹೀಗೆಲ್ಲ ಕಟುವಾಗಿ ಬರೆಯುತ್ತಿರುವುದು ಅದಕ್ಕೇ.

ಟ್ರಾನ್ಸ್‌ಫರ್ ಲೆಕ್ಕ ಆರು ವಾರಕ್ಕೊಮ್ಮೆ. ಒಂದು ಊರಿನಲ್ಲಿ ಒಂದೇ ಸುತ್ತು ಇರಬಹುದು, ನಾಲ್ಕು ಸುತ್ತೂ ಇರಬಹುದು. ಎಷ್ಟೇ ಇರಲಿ, ಮೊದಲ ಆರು ವಾರ ಕಿವಿಗೆ ಕೆಲಸ ಕೊಡಿ, ಬಾಯಿಗೆ ಅರ್ಧ ರಜೆ ಕೊಡಿ. ಕೆಳಗಿನ ಎಲ್ಲ ಕಟ್ಟಳೆಯೂ ಇದೊಂದರಿಂದಲೇ ಹುಟ್ಟಿದ್ದು.

ಬಂದಿಳಿದ ದಿನ

ಮನೆ ಮಾಲೀಕರನ್ನು ಅಂದೇ ಕಂಡು ನಮಸ್ಕಾರ ಹೇಳಬೇಕು. ಬ್ಯಾಚುಲರ್ ಹುಡುಗರಿಗೆ ಮನೆ ಸಿಗುವುದು ಎಲ್ಲ ಊರಲ್ಲೂ ಕಷ್ಟ; ಕೊಟ್ಟವರು ಯಾವುದೋ ಅಳುಕನ್ನು ನುಂಗಿಕೊಂಡು ಕೊಟ್ಟಿರುತ್ತಾರೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮೋಟಾರು ಯಾರು ಹಾಕಬೇಕು, ಗೇಟಿಗೆ ಬೀಗ ಯಾವಾಗ, ಹಸಿ ಕಸ ಒಣ ಕಸ ಎಲ್ಲಿಡಬೇಕು, ಇವನ್ನು ಮೊದಲ ಸಂಜೆಯೇ ಕೇಳಿ ತಿಳಿಯಿರಿ. ಬೆಳಿಗ್ಗೆ ಆರೂವರೆಗೆ ಏಳುವುದು ನಿಮ್ಮ ದಿನಚರಿ. ಆ ಹೊತ್ತಿಗೆ ಸ್ತುತಿಗೀತೆಯನ್ನು ಗಟ್ಟಿಯಾಗಿ ಹಾಡಿ ಕೆಳಗಿನ ಮನೆಯ ಮಗುವನ್ನು ಎಬ್ಬಿಸುವುದು ದಿನಚರಿಯಲ್ಲಿ ಇಲ್ಲ.

ನಿಮಗಿಂತ ಮುಂಚೆ ಅಲ್ಲಿದ್ದವರು ಬರೆದಿಟ್ಟ ಏರಿಯಾ ದಾಖಲೆಗಳನ್ನು ಪೂರ್ತಿ ಓದಬೇಕು. ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರು ಇನ್ನು ಬರಬೇಡಿ ಎಂದಿದ್ದಾರೆ, ಯಾರ ಯಜಮಾನರಿಗೆ ನೀವು ಬರುವುದು ಇಷ್ಟವಿಲ್ಲ, ಎಲ್ಲ ಅಲ್ಲಿರುತ್ತದೆ. ಬರಬೇಡಿ ಎಂದವರ ಮನೆಗೆ ಹೊಸಬರ ಹುಮ್ಮಸ್ಸಿನಲ್ಲಿ ಮತ್ತೆ ಹೋಗಕೂಡದು.

"ನನ್ನ ಹಿಂದಿನ ಏರಿಯಾದಲ್ಲಿ ಹೀಗಿರಲಿಲ್ಲ." ಈ ವಾಕ್ಯ ಆರು ವಾರ ನಿಷಿದ್ಧ. ಆಮೇಲೂ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ.

ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಭೆಯ ಕೈಪಿಡಿಯಲ್ಲಿದೆ. ಒಗೆದು ಇಸ್ತ್ರಿ ಮಾಡಿದ್ದನ್ನು ಹಾಕಿ. ನಿಮ್ಮನ್ನು ಮೆಡಿಕಲ್ ರೆಪ್ ಎಂದೋ ಸಾಲ ವಸೂಲಿಗೆ ಬಂದವರೆಂದೋ ಜನ ತಿಳಿಯುವುದು ಖಂಡಿತ. ನಕ್ಕು, ಯಾರೆಂದು ಹೇಳಿ, ಮುಂದೆ ಹೋಗಿ. ಹೆಸರುಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಬೇರೆ ಯಾರೋ ಎಂಬಂತೆ ನಡೆದುಕೊಳ್ಳಕೂಡದು. ಗುರುತು ಮರೆಮಾಚಿದವರನ್ನು ನಮ್ಮ ಜನ ಬೇಗ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಜೊತೆಗಾರ

ಕಂಪ್ಯಾನಿಯನ್ ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಸ್ನಾನದ ಮನೆಯಂಥ ಒಂದೆರಡು ಸಂದರ್ಭ ಬಿಟ್ಟರೆ ಇದಕ್ಕೆ ರಿಯಾಯಿತಿ ಇಲ್ಲ. ಹೊರಗಿನವರಿಗೆ ಇದು ಜೈಲಿನಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಕೈಪಿಡಿಯ ಅತ್ಯಂತ ಬುದ್ಧಿವಂತ ನಿಯಮ ಇದೇ. ಹದಿನೆಂಟರ ಹುಡುಗ ಗೊತ್ತಿಲ್ಲದ ಊರಲ್ಲಿ ಒಬ್ಬನೇ ಇದ್ದರೆ ಏನೇನಾಗಬಹುದೋ ಅದರಲ್ಲಿ ಮುಕ್ಕಾಲು ಪಾಲು ಇಬ್ಬರಿದ್ದರೆ ಆಗುವುದಿಲ್ಲ. ಮೇಲಾಗಿ, ಏನಾದರೂ ಆರೋಪ ಬಂದರೆ ಕಂಡು ಹೇಳುವುದಕ್ಕೆ ಒಬ್ಬರು ಇರುತ್ತಾರೆ.

ಆದರೆ ಆ ಜೊತೆಗಾರ ನಿಮ್ಮ ತಮ್ಮನೂ ಅಲ್ಲ, ಕಾಲೇಜಿನ ದೋಸ್ತನೂ ಅಲ್ಲ. ಗೋದಾವರಿ ಜಿಲ್ಲೆಯವನಿರಬಹುದು, ಈಶಾನ್ಯದ ಗುಡ್ಡದ ಕಡೆಯವನಿರಬಹುದು. ಅವನ ಅನ್ನಕ್ಕೆ ಗೋಂಗೂರ ಬೇಕು, ನಿಮ್ಮ ಅನ್ನಕ್ಕೆ ಬೇಳೆಸಾರು ಬೇಕು. ವಾರಕ್ಕೆ ಯಾರು ಯಾವ ದಿನ ಅಡುಗೆ, ಯಾರು ಪಾತ್ರೆ, ಯಾರು ಬಚ್ಚಲು ಎಂದು ಮೊದಲ ಭಾನುವಾರದೊಳಗೆ ಕಾಗದದ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಇಬ್ಬರು ಎಲ್ಡರುಗಳ ಮಧ್ಯೆ ದೇವಶಾಸ್ತ್ರದ ಮೇಲೆ ಜಗಳವಾದದ್ದನ್ನು ನಾನು ಕಂಡಿಲ್ಲ. ಜಗಳವಾಗುವುದು ಸಿಂಕಿನಲ್ಲಿ ಎರಡು ದಿನದಿಂದ ನೆನೆಯುತ್ತಿರುವ ಕುಕ್ಕರಿನ ಮೇಲೆ.

ವಾರಕ್ಕೊಮ್ಮೆ ಇಬ್ಬರೂ ಎದುರು ಕೂತು ಏನು ಸರಿಹೋಗುತ್ತಿದೆ, ಏನು ಹೋಗುತ್ತಿಲ್ಲ ಎಂದು ಮಾತಾಡಿಕೊಳ್ಳುವ ಪದ್ಧತಿ ಇದೆ. ಕಾಟಾಚಾರಕ್ಕೆ ಮುಗಿಸಬೇಡಿ. ಅವನು ನಿಮ್ಮ ತಪ್ಪು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅವನ ತಪ್ಪನ್ನು ಆಸುಪಾಸಿನ ಜೋಡಿಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಲೀಡರಿಗೆ ಹೇಳುವ ಮುಂಚೆ ಅವನಿಗೇ ಹೇಳಿ. ಇದಕ್ಕೆ ಒಂದೇ ಅಪವಾದ: ಹೊಡೆತ, ಬೆದರಿಕೆ, ಮೈಮೇಲೆ ಕೈ ಹಾಕುವುದು, ರಾತ್ರಿ ಕದ್ದು ಹೊರಗೆ ಹೋಗುವುದು. ಅಂಥದ್ದಕ್ಕೆ ಕಾಯಬೇಡಿ, ಆ ಗಳಿಗೆಯಲ್ಲೇ ಇಡೀ ಮಿಷನ್ನಿನ ಹೊಣೆ ಹೊತ್ತ ಮಿಷನ್ ಪ್ರೆಸಿಡೆಂಟರಿಗೆ ಫೋನು ಮಾಡಿ. ಸ್ನೇಹಕ್ಕೆ ಕಟ್ಟುಬಿದ್ದು ಮುಚ್ಚಿಡಕೂಡದು.

ಹೊಸಬರಿಗೆ ಮೊದಲ 12 ವಾರ ಟ್ರೈನರ್ ಇರುತ್ತಾರೆ. ಟ್ರೈನರಿಗೂ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ವಯಸ್ಸೇ ಎಂಬುದು ನೆನಪಿರಲಿ.

ಮಾತು

1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ ಎಂಬ ಎಲ್ಡರುಗಳು ಮದ್ರಾಸಿಗೆ ಹಡಗಿನಲ್ಲಿ ಬಂದಿಳಿದರು. ಇಂಗ್ಲಿಷಿನಲ್ಲಿ ಭಾಷಣ ಮಾಡಿದರು, ಇಂಗ್ಲಿಷಿನಲ್ಲಿ ಕರಪತ್ರ ಹಾಕಿಸಿದರು, ಅವರ ಮಾತು ಹೋಗಿ ಮುಟ್ಟಿದ್ದು ಬಹುಪಾಲು ಬಿಳಿಯ ಸೈನಿಕರಿಗೆ. ವರ್ಷ ಕಳೆಯುವಷ್ಟರಲ್ಲಿ ಬ್ಯಾಲಂಟೈನ್ ಹಿಂದಿರುಗಿದರು. ಅವರ ಜೊತೆಯವರು ಕಲ್ಕತ್ತದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅಷ್ಟೇ. ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಊರಿನ ಭಾಷೆ ಅವರ ಬಾಯಲ್ಲಿರಲಿಲ್ಲ.

ನಿಮಗೆ ಆ ನೆಪವಿಲ್ಲ. ಕನ್ನಡ ಓದಬಲ್ಲವರಿಗೆ ತೆಲುಗು ಬೋರ್ಡು ಓದಲು ಒಂದು ವಾರ ಸಾಕು, ಲಿಪಿ ಅಷ್ಟು ಹತ್ತಿರ. ತಮಿಳಿನ ಅಕ್ಷರಕ್ಕೆ ಇನ್ನಷ್ಟು ದಿನ ಬೇಕಾಗುತ್ತದೆ, ಆದರೆ ಬೆಂಗಳೂರಲ್ಲಿ ಬೆಳೆದವರ ಕಿವಿಗೆ ಆ ಮಾತು ಹೊಸದಲ್ಲ. ದಿನಕ್ಕೆ ಅರ್ಧ ಗಂಟೆ ಭಾಷೆ ಕಲಿಯಲೇಬೇಕು. ಬಸ್ಸಿನ ನಂಬರು, ತರಕಾರಿಯ ಹೆಸರು, ನೆಂಟಸ್ತನದ ಪದ ಇವು ಮೊದಲು. ಧರ್ಮದ ಪದಗಳು ಆಮೇಲೆ.

ಸಿನಿಮಾದಿಂದ ಕಲಿತ ತೆಲುಗನ್ನು ಹಿರಿಯರ ಮುಂದೆ ಬಳಸಕೂಡದು. ಅಲ್ಲಿ ಹೀರೊ ಎಲ್ಲರಿಗೂ "ನುವ್ವು" ಅನ್ನುತ್ತಾನೆ. ನೀವು "ಮೀರು" ಎನ್ನಬೇಕು, ಮಾತಿನ ಕೊನೆಗೆ "ಅಂಡಿ" ಸೇರಿಸಬೇಕು. ತಮಿಳಿನಲ್ಲಿ "ನೀ" ಅಲ್ಲ, "ನೀಂಗ". ಒಂದು ಏಕವಚನ ಬಿದ್ದರೆ ಆಮೇಲೆ ಎಷ್ಟು ಒಳ್ಳೆಯ ಮಾತು ಹೇಳಿದರೂ ಅಜ್ಜಿ ಕೇಳಿಸಿಕೊಳ್ಳುವುದಿಲ್ಲ.

ಕಾವೇರಿ ನೀರಿನ ಬಗ್ಗೆ ಚೆನ್ನೈಯಲ್ಲಿ ಬಾಯಿ ಬಿಡಬೇಡಿ. ಚುನಾವಣೆ, ಪಕ್ಷ, ಯಾವ ನಟ ದೊಡ್ಡವನು, ಆರ್‌ಸಿಬಿ ಮೇಲೋ ಸಿಎಸ್‌ಕೆ ಮೇಲೋ ಎಂಬುದನ್ನೂ ಇದೇ ಪಟ್ಟಿಗೆ ಸೇರಿಸಿಕೊಳ್ಳಿ. ರಾಜಕೀಯದ ಮಾತು ಸೇವೆಯುದ್ದಕ್ಕೂ ಕೂಡದು. ಕ್ರಿಕೆಟ್ಟಿನದು ನಾನು ಸೇರಿಸಿದ್ದು.

"ನಿಮ್ಮದು ಯಾವ ಜಾತಿ?" ಎಂದು ನೇರವಾಗಿ ಕೇಳುವವರು ಸಿಗುತ್ತಾರೆ. ಸಿಟ್ಟಾಗಬೇಡಿ, ಪಾಠ ಹೇಳಬೇಡಿ, ತಿರುಗಿ ಅವರದು ಯಾವುದೆಂದು ಎಂದೂ ಕೇಳಬೇಡಿ. ನಿಮ್ಮ ಜೊತೆಗಾರನ ಜಾತಿಯನ್ನು ಅವನ ಪರವಾಗಿ ನೀವು ಹೇಳುವುದಂತೂ ದ್ರೋಹ.

ಕಾಫಿ, ಊಟ, ಪ್ರಸಾದ

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ದಕ್ಷಿಣ ಭಾರತದಲ್ಲಿ ನಮ್ಮ ಹುಡುಗರ ಮರ್ಯಾದೆ ಉಳಿಯುವುದೂ ಹೋಗುವುದೂ ಕಾಫಿ ಲೋಟದ ಮುಂದೆ.

ಕಾಫಿ, ಚಹಾ, ಮದ್ಯ, ತಂಬಾಕು ನಮಗೆ ವರ್ಜ್ಯ. 1833ರಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಕೊಟ್ಟ ಆರೋಗ್ಯದ ಕಟ್ಟಳೆ ಅದು. ಗ್ರೀನ್ ಟೀ ಕೂಡ ಚಹಾವೇ. ಐಸ್ ಹಾಕಿದ ಕಾಫಿಯೂ ಕಾಫಿಯೇ. ಬಿಸಿ ಹಾಲು, ಶುಂಠಿ ಕಷಾಯ, ಮಜ್ಜಿಗೆ, ಹಾರ್ಲಿಕ್ಸ್ ಯಾವುದಕ್ಕೂ ಅಡ್ಡಿಯಿಲ್ಲ.

ನಿಯಮ ಇಷ್ಟು. ಅದನ್ನು ಪಾಲಿಸುವ ರೀತಿಯಲ್ಲಿದೆ ತಾಪತ್ರಯ. ನೀವು ಸೋಫಾದ ತುದಿಯಲ್ಲಿ ಕೂತಿರುತ್ತೀರಿ. ಒಳಗಿಂದ ಡಿಕಾಕ್ಷನ್ ವಾಸನೆ ಬರುತ್ತಿರುತ್ತದೆ. ಆಕೆ ನಿಮಗಾಗಿಯೇ ಮಗನನ್ನು ಅಂಗಡಿಗೆ ಓಡಿಸಿ ಅರ್ಧ ಲೀಟರ್ ಹಾಲು ತರಿಸಿರುತ್ತಾರೆ. ದಬರದಲ್ಲಿ ಲೋಟ ಇಟ್ಟು, ನೊರೆ ಬರುವಂತೆ ಎತ್ತಿ ಹೊಯ್ದು, ಸೆರಗಿನ ತುದಿಯಲ್ಲಿ ಹಿಡಿದು ತಂದು ಮುಂದಿಟ್ಟಾಗ ನೀವು "ಇದನ್ನು ನಾವು ಕುಡಿಯುವುದಿಲ್ಲ" ಎಂದರೆ ಆ ಮನೆಯಲ್ಲಿ ನಿಮ್ಮ ಕೆಲಸ ಅಂದಿಗೆ ಮುಗಿಯಿತು. ನಿಯಮ ಮುರಿದು ಕುಡಿಯುವುದೂ ಕೂಡದು. ದಾರಿ ಇಷ್ಟೇ: ಹಾಲು ಒಲೆಯ ಮೇಲೆ ಏರುವ ಮುಂಚೆ ಹೇಳಬೇಕು. ಒಳಗೆ ಕಾಲಿಟ್ಟು ಚಪ್ಪಲಿ ಬಿಡುವಾಗಲೇ ಹೇಳಿಬಿಡಿ. ಬೇಡ ಎಂದಷ್ಟೇ ಹೇಳಿ ನಿಲ್ಲಬೇಡಿ, ಇನ್ನೊಂದನ್ನು ಕೇಳಿ. ತೆಲುಗಿನ ಮನೆಯಲ್ಲಿ "ಕಾಫೀ ತಾಗನಂಡಿ, ಮಜ್ಜಿಗ ಉಂಟೇ ಇವ್ವಂಡಿ." ತಮಿಳಿನ ಮನೆಯಲ್ಲಿ "ಕಾಫಿ ವೇಂಡಾಮ್ಮಾ, ಮೋರ್ ಇರುಂದಾ ಕುಡುಂಗ." ಕೇಳಿ ಈಸಿಕೊಂಡ ಮಜ್ಜಿಗೆ ಆ ತಾಯಿಗೆ ಕೊಡುವ ಮರ್ಯಾದೆಯೇ.

ಕಾಫಿ ಕುಡಿಯುವುದು ಪಾಪವೆಂದು ಕುಡಿಯುತ್ತಿರುವವರ ಎದುರಿಗೆ ಹೇಳಬಾರದು. ಕಾರಣ ಕೇಳಿದರೆ, ನಾವು ಹೀಗೆ ನಡೆದುಕೊಳ್ಳುತ್ತೇವೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ. ಏಕಾದಶಿಗೆ ಅನ್ನ ಬಿಡುವವರು, ಶನಿವಾರ ಮಾಂಸ ಬಿಡುವವರು ತುಂಬಿರುವ ದೇಶದಲ್ಲಿ ಅಷ್ಟು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ.

ತಿಂಗಳ ಮೊದಲ ಭಾನುವಾರ ನಮಗೆ ಉಪವಾಸ, ಎರಡು ಹೊತ್ತಿನ ಊಟ ಇಲ್ಲ. ಆ ಭಾನುವಾರಕ್ಕೆ ಯಾರಾದರೂ ಊಟಕ್ಕೆ ಕರೆದರೆ ಕರೆದಾಗಲೇ ಇನ್ನೊಂದು ದಿನ ಕೇಳಿ. ಎಲೆ ಹಾಕಿದ ಮೇಲೆ ನೆನಪಾಗಬಾರದು.

ಪ್ರಸಾದ ಕೊಟ್ಟರೆ? ಬಲಗೈಯಲ್ಲಿ ಮರ್ಯಾದೆಯಿಂದ ತೆಗೆದುಕೊಳ್ಳಿ ಅಥವಾ ಕೈಮುಗಿದು ಸೌಮ್ಯವಾಗಿ ಬೇಡ ಎನ್ನಿ. ತಿನ್ನುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ತೆಗೆದುಕೊಂಡು ಬೀದಿ ತಿರುವಿನಲ್ಲಿ ಎಸೆಯುವುದಕ್ಕೆ ಮಾತ್ರ ಕ್ಷಮೆಯಿಲ್ಲ.

ಕಾನೂನು

ಇಲ್ಲಿ ಸಲಿಗೆಯ ಮಾತಿಲ್ಲ.

ಬಾಗಿಲು ಬಡಿಯುತ್ತ ಬೀದಿ ತಿರುಗುವ ಎಲ್ಡರುಗಳು ಅಮೆರಿಕದ ಸಿನಿಮಾದಲ್ಲಿರುತ್ತಾರೆ. ನೀವು ಅದನ್ನು ಇಲ್ಲಿ ಮಾಡಕೂಡದು. ಬಸ್ ಸ್ಟ್ಯಾಂಡ್, ಆಸ್ಪತ್ರೆ ವಾರ್ಡು, ಶಾಲೆಯ ಗೇಟು, ದೇವಸ್ಥಾನ ಮಸೀದಿಗಳ ಆಸುಪಾಸು, ಎಲ್ಲಿಯೂ ಕರಪತ್ರ ಹಂಚಕೂಡದು. ತಿರುಮಲದಂಥ ಕ್ಷೇತ್ರಗಳಲ್ಲಿ ಅನ್ಯಮತ ಪ್ರಚಾರಕ್ಕೆ ಆಂಧ್ರದಲ್ಲಿ 2007ರಿಂದ ಕಾನೂನಿನ ನಿಷೇಧವೇ ಇದೆ. ಕರೆದವರ ಮನೆಗೆ ಹೋಗಿ, ಕೇಳಿದವರಿಗೆ ಹೇಳಿ.

ಈ ನೆಲದಲ್ಲಿ ಸಭೆ ಬೆಳೆದದ್ದೂ ಹಾಗೆಯೇ. ಎಡ್ವಿನ್ ಧರ್ಮರಾಜು, ಎಲ್ಸಿ ಧರ್ಮರಾಜು ದಂಪತಿ ಸಮೋವಾದಲ್ಲಿ ಕೆಲಸದಲ್ಲಿದ್ದಾಗ ಸಭೆ ಸೇರಿದವರು. 1978ರಲ್ಲಿ ಅವರು ಹೈದರಾಬಾದಿಗೆ ಬಂದು ಮಾತಾಡಿದ್ದು ಸ್ವಂತ ಬಂಧುಗಳ ಜೊತೆ. 22 ಮಂದಿ ದೀಕ್ಷಾಸ್ನಾನ ಪಡೆದರು. ಬೆಂಗಳೂರನ್ನು ಕೇಂದ್ರವಾಗಿಟ್ಟು ಮಿಷನ್ ಶುರುವಾದದ್ದು ಆಮೇಲೆ, 1993ರಲ್ಲಿ. 2018ರ ಏಪ್ರಿಲಿನಲ್ಲಿ ಬೆಂಗಳೂರಿಗೆ ಟೆಂಪಲ್ ಘೋಷಣೆಯಾಗಿ 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ಶಂಕುಸ್ಥಾಪನೆ ನಡೆದದ್ದೂ ಹೀಗೆ ಮನೆಯಿಂದ ಮನೆಗೆ ಬೆಳೆದ ಜನರಿಂದ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ ಎಂದು ಪೊಲೀಸರ ಮುಂದೆ ವಾದ ಮಾಡಲು ಹೋಗಬೇಡಿ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲೇ ಹೇಳಿದೆ. ಆಮಿಷ, ಬಲವಂತದ ಮತಾಂತರ ತಡೆಯುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಡಿಶಾದಲ್ಲಿ 1967ರಿಂದ ಇದೆ. ತಮಿಳುನಾಡು 2002ರಲ್ಲಿ ತಂದು ಆಮೇಲೆ ಹಿಂತೆಗೆದುಕೊಂಡಿತು. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಬಂತು. 2023ರಲ್ಲಿ ಸಚಿವ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಪತ್ರಿಕೆಯಲ್ಲಿ ಆ ತೀರ್ಮಾನ ಓದಿ ಕಾನೂನೇ ಇಲ್ಲವೆಂದು ಭಾವಿಸುವುದು ಹುಡುಗಾಟ. ಗಡಿ ದಾಟುವ ಪ್ರತಿ ಟ್ರಾನ್ಸ್‌ಫರಿಗೂ ಆ ರಾಜ್ಯದಲ್ಲಿ ಇಂದು ಏನಿದೆ ಎಂಬುದನ್ನು ಮಿಷನ್ ಆಫೀಸಿನಿಂದ ಕೇಳಿ ತಿಳಿದೇ ಹೊರಡಬೇಕು.

ಕರ್ನಾಟಕದ ಕಾಯ್ದೆಯ ಮಾತುಗಳನ್ನು ಬೇರೆ ರಾಜ್ಯದಲ್ಲಿದ್ದರೂ ಒಮ್ಮೆ ಓದಿ, ಏಕೆಂದರೆ ಯಾವುದು ಆಮಿಷ ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು, ಮದುವೆಯ ಮಾತು, ಬದುಕು ಮೇಲಾಗುತ್ತದೆಂಬ ಆಸೆ, ದೇವರು ಮುನಿಯುತ್ತಾನೆಂಬ ಹೆದರಿಕೆ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು, ಇವೆಲ್ಲ ಅದರೊಳಗೆ ಬರುತ್ತವೆ. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ವಿಷಯದಲ್ಲಿ 3ರಿಂದ 10 ವರ್ಷ ಸಜೆ. ಆದ್ದರಿಂದ:

ಯಾರಿಗೂ ಸಾಲ ಕೊಡಕೂಡದು, ಐವತ್ತು ರೂಪಾಯಿಯಾದರೂ ಸರಿ. ಅಮೆರಿಕದ ವೀಸಾ, ಯೂಟಾದಲ್ಲಿ ಓದು, ಐಟಿ ಕಂಪನಿಯಲ್ಲಿ ನೌಕರಿ ಎಂಬ ಮಾತು ತಮಾಷೆಗೂ ಬರಕೂಡದು. ಮಗುವಿಗೆ ಚಾಕಲೇಟು ಕೊಡುವಾಗಲೂ ಪಕ್ಕದಲ್ಲಿ ಅಪ್ಪ ಅಮ್ಮ ಇರಬೇಕು. ಹೆತ್ತವರು ಒಪ್ಪದ ಅಪ್ರಾಪ್ತರಿಗೆ, ಗಂಡನೋ ಹೆಂಡತಿಯೋ ಒಪ್ಪದ ವಿವಾಹಿತರಿಗೆ ದೀಕ್ಷಾಸ್ನಾನ ನಮ್ಮ ಸಭೆಯ ಕೈಪಿಡಿಯ ಪ್ರಕಾರವೂ ಇಲ್ಲ. ಗೋಡೆಯ ಮೇಲಿನ ದೇವರ ಪಟಗಳ ಬಗ್ಗೆ ಒಂದು ಮಾತು, ಒಂದು ನೋಟ, ಒಂದು ಹುಬ್ಬು ಏರಿಸುವುದು, ಯಾವುದೂ ಕೂಡದು. ಕಾನೂನು ಇಲ್ಲದಿದ್ದರೂ ಇದು ಕೂಡದು. ಉಂಡ ಮನೆಯ ಜಂತೆ ಎಣಿಸುವವರನ್ನು ಯಾವ ಧರ್ಮವೂ ಒಳ್ಳೆಯವರೆನ್ನುವುದಿಲ್ಲ.

ಗುಂಪು ಸೇರಿ ಗದರಿಸಿದರೆ ವಾದಿಸಬೇಡಿ, ಮೊಬೈಲು ತೆಗೆದು ಚಿತ್ರೀಕರಿಸಲು ಹೋಗಬೇಡಿ. ಕೈಮುಗಿದು ಹೊರಟುಬಿಡಿ. ಠಾಣೆಗೆ ಕರೆದರೆ ಇಬ್ಬರೂ ಒಟ್ಟಿಗೆ ಹೋಗಿ, ಹೋಗುವ ದಾರಿಯಲ್ಲೇ ಮಿಷನ್ ಪ್ರೆಸಿಡೆಂಟರಿಗೆ ತಿಳಿಸಿ. ಓದದ ಕಾಗದಕ್ಕೆ ಸಹಿ ಹಾಕಬೇಡಿ.

ಮೈ, ಮನಸ್ಸು

ಸೊಳ್ಳೆಪರದೆ ಕಟ್ಟಿ. ಕುದಿಸಿದ ಅಥವಾ ಫಿಲ್ಟರ್ ಮಾಡಿದ ನೀರು ಕುಡಿಯಿರಿ. ವಿಶಾಖಪಟ್ಟಣದ ಮೇ ತಿಂಗಳಲ್ಲಿ ಟೈ ಕಟ್ಟಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ನಡೆಯುವುದು ಭಕ್ತಿಯಲ್ಲ, ಅವಿವೇಕ. ಸಮುದ್ರ ಎಷ್ಟೇ ಕರೆದರೂ ಈಜಕೂಡದು. ಅದು ಲೋಕದಲ್ಲಿರುವ ನಮ್ಮ ಎಲ್ಲ ಮಿಷನರಿಗಳಿಗೂ ಇರುವ ನಿಯಮ. ಜ್ವರ ಎರಡನೇ ದಿನಕ್ಕೂ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ, ಪ್ಯಾರಾಸಿಟಮಾಲ್ ನುಂಗಿ ಮುಚ್ಚಿಡಬೇಡಿ.

ಮನಸ್ಸಿನ ಜ್ವರಕ್ಕೂ ಇದೇ ಮಾತು. ಹೊಸ ಊರಿನ ಎರಡನೇ ಮೂರನೇ ವಾರದಲ್ಲಿ ಊಟ ಸೇರದಿರುವುದು, ರಾತ್ರಿ ಅಳು ಬರುವುದು ಸಾಮಾನ್ಯ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಇಳಿಯದೆ ಹೋದರೆ, ನಿದ್ದೆ ಪೂರ್ತಿ ಹೋದರೆ, ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಆ ದಿನವೇ ಹೇಳಿ. ಇನ್ನಷ್ಟು ಪ್ರಾರ್ಥನೆ ಮಾಡು ಎಂದಷ್ಟೇ ಹೇಳಿ ಕಳಿಸುವವರ ಮಾತು ಕೇಳಿ ಸುಮ್ಮನಾಗಬೇಡಿ; ಪ್ರಾರ್ಥನೆಯನ್ನೂ ಮಾಡಿ, ವೈದ್ಯರನ್ನೂ ಕಾಣಿ. ಸೇವೆ ಮುಗಿಯುವ ಮುಂಚೆ ಮನೆಗೆ ಬರಬೇಕಾಗಿ ಬಂದರೆ ಬನ್ನಿ. ಅದು ಅವಮಾನವಲ್ಲ. ಬಂದವರನ್ನು "ಯಾಕೆ ಬೇಗ ಬಂದೆ?" ಎಂದು ಸಭೆಯ ಬಾಗಿಲಲ್ಲೇ ನಿಲ್ಲಿಸಿ ಕೇಳುವ ನಮ್ಮ ಹಿರಿಯರಿಗೆ ಒಂದು ಪ್ರತ್ಯೇಕ ನೋಟೀಸು ಬೇಕು.

ಹೆತ್ತವರಿಗೆ

2019ರ ಫೆಬ್ರವರಿಗೆ ಮುಂಚೆ ಮಿಷನರಿಗಳು ಮನೆಗೆ ಫೋನು ಮಾಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ, ಅವರ ಬಿಡುವಿನ ದಿನ ಮಾತಾಡಬಹುದು. ಆ ಫೋನಿನಲ್ಲಿ ಅತ್ತು ಕರೆದು ಹುಡುಗರನ್ನು ಕಂಗೆಡಿಸಬೇಡಿ. ಪಕ್ಕದ ಮನೆಯವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದನ್ನು ಅಂದೇ ಹೇಳಬೇಕಾಗಿಲ್ಲ. ಏನು ಉಂಡೆ ಎಂದು ಕೇಳಿ, ಜೊತೆಗಾರನ ಹೆಸರು ಹಿಡಿದು ಅವನನ್ನೂ ವಿಚಾರಿಸಿ. ಮನೆಯಲ್ಲಿ ಒಬ್ಬರು ಸಭೆಗೆ ಸೇರದವರಿದ್ದರೆ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಜ್ಜಿಯೋ ಹಾಗಿರುತ್ತಾರೆ, ಅವರ ಕೈಗೂ ಫೋನು ಕೊಡಿ. ಧ್ವನಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಮುಂದಿನ ವಾರದ ತನಕ ಕಾಯದೆ ನಿಮ್ಮ ಊರಿನ ಸಭೆಯ ಬಿಷಪ್ಪರಿಗೋ ಬ್ರಾಂಚ್ ಪ್ರೆಸಿಡೆಂಟರಿಗೋ ತಿಳಿಸಿ.

ಟ್ರಂಕಿನಲ್ಲಿ ಉಪ್ಪಿನಕಾಯಿ ಡಬ್ಬಿ ತುಂಬಿ ಕಳಿಸುವುದಕ್ಕೆ ಅಡ್ಡಿಯಿಲ್ಲ. ಕಾಫಿಪುಡಿ ಇರಕೂಡದು, ಜೊತೆಗಾರನ ಪಾಲಿಗೆ ಇನ್ನೊಂದು ಡಬ್ಬಿ ಇರಲಿ.

ಇಲ್ಲಿ ಬರೆದದ್ದರಲ್ಲಿ ಸಭೆಯ ಕೈಪಿಡಿಗೆ ಹೊಂದದ ಮಾತು ಯಾವುದಾದರೂ ಕಂಡರೆ ಕೈಪಿಡಿಯದ್ದನ್ನೇ ಹಿಡಿಯಿರಿ. ಕೈಪಿಡಿಯಲ್ಲೂ ಇಲ್ಲದ, ಇಲ್ಲಿಯೂ ಇಲ್ಲದ ಪ್ರಶ್ನೆ ಎದ್ದರೆ ನಿಮ್ಮಷ್ಟಕ್ಕೆ ತೀರ್ಮಾನಿಸದೆ ಮಿಷನ್ ಪ್ರೆಸಿಡೆಂಟರನ್ನು ಕೇಳತಕ್ಕದ್ದು.